ಡಿಸೆಂಬರ್‌ನಲ್ಲಿ ಬಾದಾಮಿ ಕ್ಲೈಂಬಿಂಗ್: ಮೈಮೇಲೆ ಏನಿರಬೇಕು?

ಒಳಗೋಡೆ_ಹುಡುಗ

ಎಲ್ಲರಿಗೂ ನಮಸ್ಕಾರ. ಇಲ್ಲಿಯವರೆಗೆ ಬೆಂಗಳೂರಿನ ಕೃತಕ ಗೋಡೆಗಳ ಮೇಲಷ್ಟೇ ಅಭ್ಯಾಸ. ಡಿಸೆಂಬರ್ ಮೂರನೇ ವಾರ ಅಕ್ಕ ಮತ್ತು ನಾನು ಅನುಭವಿ ಗುಂಪೊಂದರ ಜೊತೆ ಬಾದಾಮಿಗೆ ಹೋಗ್ತಿದ್ದೇವೆ. ಬಂಡೆಗೆ ಬೋಲ್ಟ್ ಹೊಡೆದಿರೋ ರೂಟ್‌ಗಳು, ಹೆಚ್ಚಿನದು ಟಾಪ್‌ರೋಪ್ (ಹಗ್ಗ ಮೊದಲೇ ಮೇಲಿಂದ ಹಾಕಿರುತ್ತೆ), ಒಂದೆರಡು ಸುಲಭದ ಲೀಡ್ (ಹತ್ತುತ್ತಾ ಹಗ್ಗವನ್ನ ಬೋಲ್ಟ್‌ಗಳಿಗೆ ಸಿಕ್ಕಿಸ್ತಾ ಹೋಗೋದು). ಬೆಳಿಗ್ಗೆ ಏಳಕ್ಕೆ ಬಂಡೆ ಬುಡದಲ್ಲಿರಬೇಕು, ಸಂಜೆ ಐದೂವರೆಗೆ ಇಳಿದು ಬರೋದು.

ಹಗ್ಗ, ಹಾರ್ನೆಸ್ (ಸೊಂಟಕ್ಕೆ, ತೊಡೆಗೆ ಕಟ್ಟೋ ಪಟ್ಟಿ), ಹೆಲ್ಮೆಟ್ ಎಲ್ಲಾ ಗುಂಪಿನವರೇ ಕೊಡ್ತಾರೆ. ಬಟ್ಟೆ ಬಗ್ಗೆ ಮಾತ್ರ ಒಬ್ಬೊಬ್ಬರು ಒಂದೊಂದು ಹೇಳ್ತಿದ್ದಾರೆ. ಶಾರ್ಟ್ಸ್ ಸಾಕಾ, ಫುಲ್ ಪ್ಯಾಂಟೇ ಬೇಕಾ? ಕಾಟನ್ನಾ, ಡ್ರೈ ಫಿಟ್ಟಾ? ಅಲ್ಲಿ ಚಳಿ ಇರುತ್ತಾ, ಜಾಕೆಟ್ ಹೊರಬೇಕಾ? ಅಕ್ಕ ಸಾಮಾನ್ಯವಾಗಿ ಲೆಗಿಂಗ್ಸ್ ಮೇಲೆ ಕುರ್ತಿ ಹಾಕ್ಕೊಂಡು ಟ್ರೆಕ್ಕಿಂಗ್ ಮಾಡ್ತಾಳೆ, ಅದೇ ನಡೆಯುತ್ತಾ?

ಚಾಕ್‌ಪುಡಿ

ಮೊದಲು ಹವೆ. ಡಿಸೆಂಬರ್‌ನಲ್ಲಿ ಬಾದಾಮಿಯ ಬೆಳಗಿನ ಜಾವ ಸುಮಾರು 15 ಡಿಗ್ರಿ ಇರುತ್ತೆ, ಮಧ್ಯಾಹ್ನ 29–30. ಒಣ ಗಾಳಿ, ಮಳೆ ಬರೋದು ಅಪರೂಪ. ಅಂಕಿ ನೋಡಿದ್ರೆ ಸುಲಭ ಅನ್ಸುತ್ತೆ, ಆದರೆ ಬಂಡೆ ಬುಡದಲ್ಲಿ ಅನುಭವ ಬೇರೆ. ಗೋಡೆ ಹತ್ತೋಕೆ ಹತ್ತು ಹದಿನೈದು ನಿಮಿಷ, ಆಗ ಮೈಯೆಲ್ಲಾ ಬೆವರು. ಆಮೇಲೆ ಅದೇ ಒದ್ದೆ ಅಂಗಿಯಲ್ಲಿ ನೆರಳಲ್ಲಿ ಅಲ್ಲಾಡದೆ ನಿಂತು ಅರ್ಧ ಗಂಟೆ ಬಿಲೇ ಮಾಡಬೇಕು, ಅಂದ್ರೆ ಹತ್ತೋರ ಹಗ್ಗ ಹಿಡಿದು ಕಾಯಬೇಕು. ಚಳಿ ಹಿಡಿಯೋದು ಆಗಲೇ, ಹತ್ತುವಾಗಲ್ಲ.

ಹಾಗಾಗಿ ಒಂದು ದಪ್ಪ ಬಟ್ಟೆಗಿಂತ ಎರಡು ಮೂರು ತೆಳು ಬಟ್ಟೆ ಒಳ್ಳೇದು. ಒಳಗೊಂದು ಟೀ ಶರ್ಟ್, ಬೆಳಿಗ್ಗೆ ಅದರ ಮೇಲೆ ತೆಳು ಫ್ಲೀಸ್ (ಮೆತ್ತನೆಯ ಬೆಚ್ಚಗಿನ ಅಂಗಿ) ಅಥವಾ ಉದ್ದ ತೋಳಿನ ಅಂಗಿ, ಗಾಳಿ ಬಂದ್ರೆ ಮುಷ್ಟಿಗಾತ್ರಕ್ಕೆ ಮಡಚಿಡಬಹುದಾದ ವಿಂಡ್‌ಚೀಟರ್. ಹತ್ತಿ ತುಂಬಿದ, ಇಲ್ಲಾ ಡೌನ್ (ಹಕ್ಕಿ ಪುಕ್ಕ ತುಂಬಿದ) ಜಾಕೆಟ್ ಬೇಡ. ಹಿಮಾಲಯಕ್ಕೆ ಹೋಗ್ತಿಲ್ಲ. ಚೀಲದಲ್ಲಿ ಇನ್ನೊಂದು ಒಣ ಟೀ ಶರ್ಟ್ ಇರಲಿ. ಮಧ್ಯಾಹ್ನ ಊಟದ ಹೊತ್ತಿಗೆ ಬದಲಾಯಿಸಿಕೊಂಡ್ರೆ ಜಾಕೆಟ್‌ಗಿಂತ ಹೆಚ್ಚು ಉಪಯೋಗ.

ಈಗ ಯಾರೂ ಹೇಳದ ವಿಷಯ. ಬಟ್ಟೆ ಆರಿಸುವಾಗ ಹವೆಗಿಂತ ಮುಂಚೆ ಹಾರ್ನೆಸ್ ಬಗ್ಗೆ ಯೋಚಿಸಿ. ಅದರ ಸೊಂಟದ ಪಟ್ಟಿ ಇಡೀ ದಿನ ಕೂರೋದು ನಿಮ್ಮ ಪ್ಯಾಂಟಿನ ನಡುಪಟ್ಟಿಯ ಮೇಲೆ. ಅಲ್ಲಿ ಬೆಲ್ಟಿನ ಬಕಲ್, ಜೀನ್ಸ್‌ನ ಲೋಹದ ಗುಂಡಿ, ರಿವೆಟ್, ದಪ್ಪ ಗಂಟು ಹಾಕಿದ ಲಾಡಿ ಯಾವುದಿದ್ರೂ ಒಂದು ಸಲ ಹಗ್ಗಕ್ಕೆ ಜೋತುಬಿದ್ದ ಕೂಡಲೇ ಚರ್ಮಕ್ಕೆ ಒತ್ತುತ್ತೆ. ಅಗಲವಾದ, ಮೆತ್ತನೆಯ ಇಲಾಸ್ಟಿಕ್ ಪಟ್ಟಿ ಇರೋ ಪ್ಯಾಂಟ್ ಬೇಕು. ಲಾಡಿ ಇದ್ರೆ ಒಳಗಡೆ ಚಪ್ಪಟೆಯಾಗಿ ಕಟ್ಟಿ. ಬೆಳ್ಳಿ ಉಡಿದಾರ ಇದ್ರೆ ಮನೆಯಲ್ಲೇ ಬಿಚ್ಚಿಡಿ, ದಾರದ್ದಾದ್ರೆ ತೊಂದರೆ ಇಲ್ಲ.

ಸೊಂಟದ ಪಟ್ಟಿ ಕೂರಬೇಕಾದ ಜಾಗ ಸೊಂಟದ ಮೂಳೆಯ ಮೇಲ್ಭಾಗ. ಬಿಗಿದ ಮೇಲೆ ಚಪ್ಪಟೆ ಅಂಗೈ ಒಳಗೆ ತೂರಬೇಕು, ಆದರೆ ಎರಡೂ ಕೈಯಲ್ಲಿ ಕೆಳಗೆ ಎಳೆದ್ರೂ ಮೂಳೆ ದಾಟಿ ಜಾರಬಾರದು. ಬೆಳಿಗ್ಗೆ ಏಳಕ್ಕೆ ಫ್ಲೀಸ್ ಮೇಲೆ ಹಾರ್ನೆಸ್ ಬಿಗಿದಿರ್ತೀರಿ. ಹತ್ತೂವರೆಗೆ ಸೆಕೆ ಅಂತ ಒಳಗಿಂದ ಫ್ಲೀಸ್ ಎಳೆದು ತೆಗೀತೀರಿ. ಪಟ್ಟಿ ಈಗ ಎರಡು ಬೆರಳಷ್ಟು ಸಡಿಲ. ಲೀಡ್‌ನಲ್ಲಿ ತಲೆಕೆಳಗಾಗಿ ಬಿದ್ರೆ ಮೈ ಅದರಿಂದ ಜಾರಿ ಹೊರಬರಬಹುದು. ಬಟ್ಟೆ ಒಂದು ಪದರ ಕಡಿಮೆಯಾದಾಗಲೆಲ್ಲಾ ಪಟ್ಟಿ ಮತ್ತೆ ಬಿಗಿಯಬೇಕು, ಜೊತೆಗಾರರಿಂದ ಬಕಲ್ ಮತ್ತೊಮ್ಮೆ ನೋಡಿಸಬೇಕು. ಇದಕ್ಕಿಂತ ಸುಲಭದ ದಾರಿ ಅಂದ್ರೆ ಹಾರ್ನೆಸ್ ಅನ್ನ ಯಾವಾಗಲೂ ಟೀ ಶರ್ಟ್ ಮೇಲೇ ಕಟ್ಟೋದು, ಬೆಚ್ಚಗಿನ ಬಟ್ಟೆ ಏನಿದ್ರೂ ಹಾರ್ನೆಸ್ ಮೇಲೆ ಹಾಕ್ಕೊಳ್ಳೋದು. ಅದು ಸೊಂಟದವರೆಗೆ ಮಾತ್ರ ಬರೋ ಗಿಡ್ಡ ಬಟ್ಟೆಯಾಗಿರಬೇಕು. ಹಗ್ಗ ಹಾದು ಹೋಗೋ ಬಿಲೇ ಸಾಧನದ ಮೇಲೆ ಇಳಿಬಿದ್ರೆ ಬಟ್ಟೆಯ ಅಂಚು ಹಗ್ಗದ ಜೊತೆ ಒಳಗೆ ಎಳೆದುಕೊಂಡು ಹೋಗಿ ಸಿಕ್ಕಿಹಾಕ್ಕೊಳ್ಳುತ್ತೆ.

ಅದೇ ಕಾರಣಕ್ಕೆ ಟೀ ಶರ್ಟ್ ಅನ್ನ ಪ್ಯಾಂಟಿನ ಒಳಗೆ ಸಿಕ್ಕಿಸಿ. ಚೆಂದ ಕಾಣಲ್ಲ, ನಿಜ. ಆದರೆ ಹಗ್ಗದ ಗಂಟು, ಬಕಲ್ ಎರಡೂ ಎದುರಿನವರಿಗೆ ಒಂದೇ ನೋಟಕ್ಕೆ ಕಾಣುತ್ತೆ. ಹೂಡಿ ತರಬೇಡಿ. ಟೊಪ್ಪಿಗೆ ಹೆಲ್ಮೆಟ್ ಕೆಳಗೆ ಮುದುಡಿ ಕುತ್ತಿಗೆ ತಿರುಗಿಸೋಕೆ ಬಿಡಲ್ಲ, ಅದರ ಲಾಡಿಗಳು ಕ್ಯಾರಾಬೀನರ್‌ಗೆ (ಹಗ್ಗ ಸಿಕ್ಕಿಸೋ ಲೋಹದ ಕೊಂಡಿ) ಹೋಗಿ ಸುತ್ತಿಕೊಳ್ಳುತ್ತವೆ.

ಶಾರ್ಟ್ಸಾ ಫುಲ್ಲಾ? ಬಾದಾಮಿಗೆ ಫುಲ್ ಪ್ಯಾಂಟ್. ಮರಳುಗಲ್ಲು ಗ್ರಾನೈಟಿನಷ್ಟು ಚುಚ್ಚಲ್ಲ, ಆದರೆ ಜಾರಿದಾಗ ಮೊಣಕಾಲು ತರಚೋಕೆ ಅಷ್ಟು ಸಾಕು. ಲೀಡ್ ಮಾಡುವಾಗ ಹಗ್ಗ ಕಾಲಿನ ಹಿಂದೆ ಸಿಕ್ಕಿದ್ದು ಬಿದ್ರೆ ಮೀನಖಂಡಕ್ಕೆ ಉಜ್ಜಿ ಸುಡುತ್ತೆ. ಹಗ್ಗ ಕಾಲಿನ ಹಿಂದೆ ಹೋಗದ ಹಾಗೆ ನೋಡಿಕೊಳ್ಳೋದೇ ಸರಿಯಾದ ಪರಿಹಾರ. ಬಟ್ಟೆ ಇದ್ರೆ ಗಾಯ ಸ್ವಲ್ಪ ಕಡಿಮೆಯಾಗುತ್ತೆ, ಅಷ್ಟೇ.

ಬನಶಂಕರಿ_ರೋಡ್

ಚಾಕ್‌ಪುಡಿ ಅವರು ಹಾರ್ನೆಸ್ಸಿಂದು ಛಲೋ ಹೇಳ್ಯಾರ್ರೀ. ನಾ ಇಲ್ಲಿ ಜಾಗಾದ ಬಗ್ಗೆ ಹೇಳ್ತೀನಿ.

ಬಂಡಿ ಬುಡಕ್ಕ ಹೋಗೋ ಕಾಲುದಾರಿಯೊಳಗ ಬಳ್ಳಾರಿ ಜಾಲಿ, ಕಳ್ಳಿ, ಮಳಿಗಾಲ ಮುಗದ ಮ್ಯಾಲೆ ಒಣಗಿದ ಉತ್ತರಾಣಿ. ಉತ್ತರಾಣಿ ಬೀಜ ಉಣ್ಣಿ ಬಟ್ಟಿಗೆ, ಫ್ಲೀಸಿಗೆ ಹತ್ತಿದ್ವು ಅಂದ್ರ ಅರ್ಧಾ ತಾಸು ಕೂತು ಆರಿಸಬೇಕಾಗ್ತೈತಿ. ನುಣ್ಣನ ನೈಲಾನ್ ಬಟ್ಟಿಗೆ ಹತ್ತೂದಿಲ್ಲ. ಅದಕ್ಕ ನಡಿಯೋ ಹೊತ್ತಿನಾಗ ಫ್ಲೀಸ್ ಚೀಲದಾಗ ಇರ್ಲಿ. ಹೆಂಗೂ ನಡದ್ರ ಮೈ ಬಿಸಿ ಆಗ್ತೈತಿ.

ನೆರಳು ನೋಡ್ಕೊಂಡು ಗ್ವಾಡಿ ಆರಿಸೂದು ಇಲ್ಲಿ ಪದ್ಧತಿ. ಮುಂಜಾನಿ ನೆರಳಿದ್ದ ಗ್ವಾಡಿ ಮಧ್ಯಾಹ್ನ ಬಿಸಲಿಗೆ ಬರ್ತೈತಿ, ಆವಾಗ ಗುಂಪು ಬ್ಯಾರೆ ಕಡೆ ಹೊಳ್ಳತೈತಿ. ಕಲ್ಲು ಕಾದಿದ್ರ ಬೆರಳು ಬೆವತು ಹಿಡತ ಹೋಗ್ತೈತಿ, ಶೂ ರಬ್ಬರೂ ಮೆತ್ತಗಾಗಿ ಸಣ್ಣ ಅಂಚಿನ ಮ್ಯಾಲೆ ಮಡಚತೈತಿ. ಹಂಗಂತ ನೀವು ದಿನಾ ಪೂರ್ತಿ ನೆರಳಾಗ ಇರ್ತೀರಿ ಅಂತಲ್ಲ. ಹತ್ತಾವ್ರು ನೆರಳಾಗ, ಬಿಲೇ ಮಾಡಾವ್ರು ಬಿಸಲಾಗ, ಹಿಂಗೂ ಆಗ್ತೈತಿ. ಮ್ಯಾಲೆ ನೋಡಿ ನೋಡಿ ಕಣ್ಣಿಗೆ ಬಿಸಲ ಹೊಡೀತೈತಿ. ಹಿಂದ ದಾರ ಇರೋ ಕಪ್ಪು ಕನ್ನಡಕ ತರ್ರಿ.

ಬಣ್ಣ ಭಾಳ ಮುಖ್ಯ. ಕಡಿದಾದ ಬಂಡಿ ಅಂದ್ರ ಹೆಜ್ಜೇನು ಇದ್ದ ಇರ್ತಾವ. ಕಪ್ಪು, ಗಾಢ ಬಣ್ಣದ ಬಟ್ಟಿ ಕಂಡ್ರ ಅವು ಸಿಟ್ಟಿಗೇಳೂದು ಜಾಸ್ತಿ. ತಿಳಿ ಬೂದಿ, ತಿಳಿ ಕಂದು, ಮಾಸಲು ಹಳದಿ ಇಂಥಾವು ಹಾಕ್ಕೋರಿ. ಬಿಳಿ ಬ್ಯಾಡ್ರಿ, ಇಲ್ಲಿ ಕೆಂಪು ಮಣ್ಣು ಹತ್ತಿದ್ರ ಎಷ್ಟು ತೊಳದ್ರೂ ಹೋಗೂದಿಲ್ಲ. ಸೆಂಟು ಹೊಡಕೊಂಡು ಬರಬ್ಯಾಡ್ರಿ. ಹುಳ ಎದ್ವು ಅಂದ್ರ ಹಗ್ಗದ ಮ್ಯಾಲಿದ್ದಾವ್ರನ್ನ ಮೊದಲ ಇಳಸೂದು, ಆಮ್ಯಾಲೆ ಮಾರಿ ಮುಚ್ಚಕೊಂಡು ದೂರ ಓಡೂದು. ಅದಕ್ಕ ಹೇಳೂದು, ಚೀಲದಾಗ ಒಂದು ವಲ್ಲಿ (ಟವೆಲ್ಲು) ಇರ್ಲಿ ಅಂತ. ಮಾರಿಗೆ ಸುತ್ತಾಕ ಆಯ್ತು, ಬಿಸಲಿಗೆ ಕುತ್ತಿಗಿ ಮುಚ್ಚಾಕ ಆಯ್ತು, ಶೂ ತಳ ಒರಸಾಕ ಆಯ್ತು. ಇಲ್ಲಿ ಬಂಡಿ ಬುಡದ ಮಣ್ಣು ಸಣ್ಣ ಉಸುಕು ಇದ್ದಂಗ. ತಳಕ್ಕ ಹತ್ತಿದ್ರ ಮೊದಲ ಹೆಜ್ಜಿಗೇ ಜಾರತೈತಿ. ಎಲ್ಲಾರೂ ಮೀನಖಂಡಕ್ಕ ಶೂ ತಿಕ್ಕಿ ಒರಸ್ತಾರ, ಪ್ಯಾಂಟು ಆರು ತಿಂಗಳಿಗೆ ಅಲ್ಲೇ ಹರೀತೈತಿ.

ಮಂಗ್ಯಾಗೋಳ ಬಗ್ಗೆ ಬ್ಯಾರೆ ಹೇಳಬೇಕಾ? ಬಿಚ್ಚಿದ ಜಾಕೆಟ್ಟು ಗಿಡಕ್ಕ ತೂಗಹಾಕಿದ್ರ ಕಿಸೆದಾಗ ತಿನ್ನಾಕ ಏನೈತಿ ಅಂತ ಹುಡುಕಾಕ ಒಯ್ಯತಾವ. ಅವು ಮ್ಯಾಲೆ ಓಡ್ಯಾಡಿದ್ರ ಕಲ್ಲೂ ಉದುರತಾವ. ಬಿಲೇ ಮಾಡಾವ್ರೂ ಹೆಲ್ಮೆಟ್ ತೆಗೀಬಾರದು.

ಇನ್ನೊಂದ್ ಮಾತು. ಊರೊಳಗ, ಗುಡಿ ಮುಂದ, ಕೆರಿ ದಂಡಿ ಮ್ಯಾಲೆ ಹಾದು ಹೋಗ್ಬೇಕಾಗ್ತೈತಿ. ಬರೇ ಮೈಯಾಗ, ತುಂಡು ಚಡ್ಡಿಯೊಳಗ ಅಡ್ಡಾಡಬ್ಯಾಡ್ರಿ. ಇಲ್ಲಿ ಮಂದಿ ಬಾಯಿಬಿಟ್ಟು ಏನೂ ಅನ್ನೂದಿಲ್ಲ, ಆದ್ರ ಮನಸ್ಸಿಗೆ ಹಿಡಸೂದಿಲ್ಲ.

ಗಂಟು_ನೋಡಿದ್ಯಾ

ಅಕ್ಕನ ಬಗ್ಗೆ ಕೇಳಿದ್ದಕ್ಕೆ ಉತ್ತರ ನಾನು ಕೊಡ್ತೀನಿ.

ಕುರ್ತಿ ಬೇಡ. ಹಾರ್ನೆಸ್‌ನ ಮುಂದಿನ ಬಿಲೇ ಲೂಪ್ (ಬಿಲೇ ಸಾಧನ ಸಿಕ್ಕಿಸೋ ಕುಣಿಕೆ) ಹೊಕ್ಕಳಿಗಿಂತ ಸ್ವಲ್ಪ ಕೆಳಗೆ ಬರುತ್ತೆ. ಕುರ್ತಿ ಅದನ್ನ ಪೂರ್ತಿ ಮುಚ್ಚುತ್ತೆ. ಮೇಲೆತ್ತಿ ಹಾರ್ನೆಸ್ ಒಳಗೆ ತುರುಕಿದ್ರೆ ಸೊಂಟದ ಸುತ್ತ ಮಡಿಕೆ ಮಡಿಕೆಯಾಗಿ ಒತ್ತುತ್ತೆ. ಸೊಂಟದವರೆಗಿನ ಟೀ ಶರ್ಟ್ ಸಾಕು. ಕೈಯೆತ್ತಿದಾಗ ಹೊಟ್ಟೆ ಕಾಣುತ್ತೆ ಅನ್ನೋ ಸಂಕೋಚ ಇದ್ರೆ ಒಳಗೆ ಉದ್ದದ ಬನಿಯನ್ ಅಥವಾ ಸ್ಲಿಪ್ ಹಾಕಿ ಅದನ್ನ ಪ್ಯಾಂಟಿಗೆ ಸಿಕ್ಕಿಸಲಿ. ದುಪಟ್ಟಾ ಅಂತೂ ಖಂಡಿತ ಬೇಡ.

ಲೆಗಿಂಗ್ಸ್ ನಡೆಯುತ್ತೆ, ಆದರೆ ತೆಳ್ಳಗಿನ ಕಾಟನ್ ಲೆಗಿಂಗ್ಸ್ ಒಂದೇ ದಿನಕ್ಕೆ ಮೊಣಕಾಲಲ್ಲಿ ತೂತಾಗುತ್ತೆ. ತೊಡೆಯ ಪಟ್ಟಿ ಉಜ್ಜೋ ಜಾಗದಲ್ಲಿ ಹೊಲಿಗೆ ಬಿಚ್ಚುತ್ತೆ. ದಪ್ಪ ನೈಲಾನ್-ಎಲಾಸ್ಟೇನ್ (ಹಿಗ್ಗೋ ನೂಲು) ಲೆಗಿಂಗ್ಸ್ ಆದ್ರೆ ಪರವಾಗಿಲ್ಲ. ಬಾದಾಮಿಯ ಮುಳ್ಳುದಾರಿಗೆ ಮಾತ್ರ ಅದರ ಮೇಲೆ ಇನ್ನೊಂದು ಸಡಿಲ ಪ್ಯಾಂಟ್ ಇದ್ರೆ ಒಳ್ಳೇದು.

ಒಳಉಡುಪು: ಹಿಂದೆ ಲೋಹದ ಹುಕ್ ಇರೋ ಬ್ರಾ ಮೇಲೆ ಚೀಲ ಹೊತ್ತರೆ ಬೆನ್ನು ಗಾಯ. ತಲೆ ಮೇಲಿಂದ ಹಾಕೋ ಸ್ಪೋರ್ಟ್ಸ್ ಬ್ರಾ ತರಲಿ, ಎರಡು. ಒದ್ದೆಯಾದದ್ದನ್ನ ಬದಲಾಯಿಸದಿದ್ರೆ ಒಣ ಟೀ ಶರ್ಟ್ ಹಾಕಿಯೂ ಪ್ರಯೋಜನ ಇಲ್ಲ. ಗಂಡಸರಿಗೂ ಹೇಳ್ತೀನಿ, ಸಡಿಲ ಬಾಕ್ಸರ್ ಬೇಡ. ತೊಡೆ ಪಟ್ಟಿಯೊಳಗೆ ಸುರುಳಿ ಸುತ್ತಿ ಕೂರುತ್ತೆ. ಜೋತುಬಿದ್ದಾಗ ಯಾಕೆ ಹೇಳ್ತಿದ್ದೀನಿ ಅಂತ ಗೊತ್ತಾಗುತ್ತೆ.

ಆಭರಣ. ಉಂಗುರ, ಬಳೆ, ಕಡಗ, ವಾಚು ಎಲ್ಲಾ ಮನೆಯಲ್ಲಿ. ಉಂಗುರ ಕಲ್ಲಿನ ಸೀಳಿಗೋ ಬೋಲ್ಟಿಗೋ ಸಿಕ್ಕು ಮೈಭಾರ ಅದರ ಮೇಲೆ ಬಿದ್ರೆ ಬೆರಳಿನ ಚರ್ಮ, ಮಾಂಸ ಸುಲಿದು ಬರುತ್ತೆ. ಹೆದರಿಸೋಕೆ ಹೇಳ್ತಿಲ್ಲ, ಆಗೋದೇ ಹಾಗೆ. ತಾಳಿ ತೆಗೆಯೋಕೆ ಇಷ್ಟ ಇಲ್ಲದಿದ್ರೆ ಅಂಗಿಯೊಳಗೆ, ಸ್ಪೋರ್ಟ್ಸ್ ಬ್ರಾಗೆ ಒಳಗಿಂದ ಪಿನ್ ಮಾಡಿಕೊಳ್ಳಲಿ. ಬಗ್ಗಿದಾಗ ಹೊರಗೆ ಜೋತಾಡಬಾರದು. ಕಾಲುಂಗುರ ಮರೆತುಹೋಗುತ್ತೆ. ಬಿಗಿಯಾದ ಕ್ಲೈಂಬಿಂಗ್ ಶೂ ಒಳಗೆ ಬೆರಳುಗಳು ಮಡಚಿ ಕೂತಿರುತ್ತವೆ, ನಡುವೆ ಬೆಳ್ಳಿ ಸುತ್ತು ಇದ್ರೆ ಎರಡನೇ ಸಲ ಹತ್ತೋ ಹೊತ್ತಿಗೆ ಪಕ್ಕದ ಬೆರಳು ಊದುತ್ತೆ. ತೆಗೆಯೋಕೆ ಬರದಿದ್ರೆ ಸೋಪು ಹಚ್ಚಿ ಹಿಂದಿನ ರಾತ್ರಿಯೇ ಪ್ರಯತ್ನ ಮಾಡಲಿ, ಬೆಳಿಗ್ಗೆ ಬಂಡೆ ಬುಡದಲ್ಲಿ ಅಲ್ಲ.

ಕೂದಲು ಜಡೆ ಹಾಕಿ ಅಂಗಿಯೊಳಗೆ. ಎತ್ತರದ ಪೋನಿಟೇಲ್ ಹಾಕಿದ್ರೆ ಹೆಲ್ಮೆಟ್ ಹಣೆ ಮೇಲೆ ಜಾರುತ್ತೆ. ಹಗ್ಗದ ಸಾಧನ ಹಿಡಿದು ತಾನೇ ಇಳಿಯುವಾಗ ಬಿಟ್ಟ ಕೂದಲು ಅದರೊಳಗೆ ಹೋದ್ರೆ ಮಧ್ಯದಲ್ಲೇ ನೇತಾಡಬೇಕು. ಅವತ್ತು ತಲೆಗೆ ಕೊಬ್ಬರಿ ಎಣ್ಣೆ ಹಚ್ಚಬೇಡಿ. ಬೆವರಿನ ಜೊತೆ ಹಣೆಗಿಳಿಯುತ್ತೆ, ಒರೆಸಿದ ಕೈ ಕಲ್ಲಿಗೆ, ಆ ಹಿಡಿತ ಎಲ್ಲರಿಗೂ ಜಾರು. ಸನ್‌ಸ್ಕ್ರೀನ್ ಕೂಡ ಹೊರಡೋ ಮುಂಚೆಯೇ ಹಚ್ಚಿ, ಅಂಗೈ, ಬೆರಳ ತುದಿ ಸೋಪಿನಿಂದ ತೊಳೀರಿ. ಬಿಲೇ ಮಾಡುವಾಗ ಸುಡೋದು ಕತ್ತಿನ ಹಿಂಭಾಗ ಮತ್ತು ಗಲ್ಲದ ಕೆಳಗೆ, ಅಲ್ಲಿ ಮರೀಬೇಡಿ.

ಕೊನೆಗೆ ಯಾರೂ ಕೇಳದ ಪ್ರಶ್ನೆ. ಹೆಚ್ಚಿನ ಹಾರ್ನೆಸ್‌ಗಳಲ್ಲಿ ತೊಡೆ ಪಟ್ಟಿಯನ್ನ ಹಿಂದಿನಿಂದ ಸೊಂಟದ ಪಟ್ಟಿಗೆ ಜೋಡಿಸೋ ಇಲಾಸ್ಟಿಕ್ ಬಿಚ್ಚೋಕೆ ಬರುತ್ತೆ. ಮೂತ್ರಕ್ಕೆ ಹೋಗಬೇಕಾದಾಗ ಪೂರ್ತಿ ಹಾರ್ನೆಸ್ ತೆಗೆಯಬೇಕಿಲ್ಲ, ಅದನ್ನಷ್ಟೇ ಬಿಚ್ಚಿ ಪ್ಯಾಂಟ್ ಇಳಿಸಬಹುದು. ಅದಕ್ಕೆ ಜಂಪ್‌ಸೂಟ್ ಥರದ್ದು ಬೇಡ, ಇಲಾಸ್ಟಿಕ್ ಸೊಂಟದ ಪ್ಯಾಂಟೇ ಸರಿ. ವಾಪಸ್ ಬಂದಾಗ ಇಲಾಸ್ಟಿಕ್ ತಿರುಚದೆ ಸಿಕ್ಕಿಸಿ, ಮತ್ತೆ ಪರೀಕ್ಷೆ ಮಾಡಿಸಿಕೊಳ್ಳಿ.

ತಿಪ್ಪಗೊಂಡನಹಳ್ಳಿ_ಬಿಸಿಲು

ಒಂದು ತಕರಾರು. ಕಾಟನ್ ಬೇಡ ಅಂತ ಎಲ್ಲರೂ ಬಾಯಿಪಾಠ ಮಾಡ್ತಾರೆ. ಅದು ಚಳಿ ದೇಶದ ಪರ್ವತಗಳಿಗೆ ಹುಟ್ಟಿದ ಮಾತು. ಅಲ್ಲಿ ಒದ್ದೆ ಹತ್ತಿ ಮೈಯ ಶಾಖ ಹೀರಿ ಪ್ರಾಣಕ್ಕೇ ಅಪಾಯ ಆಗುತ್ತೆ. ಬಾದಾಮಿಯ ಒಣ ಗಾಳಿಯಲ್ಲಿ ಮಧ್ಯಾಹ್ನ ಒದ್ದೆ ಹತ್ತಿ ಅಂಗಿ ಮಣ್ಣಿನ ಮಡಕೆ ಥರ ಕೆಲಸ ಮಾಡುತ್ತೆ, ನೀರು ಆರುತ್ತಾ ಮೈ ತಂಪಾಗುತ್ತೆ. ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಮಾತ್ರ ಅದು ಶತ್ರು. ಹಾಗಾಗಿ ನನ್ನ ಲೆಕ್ಕ: ಬೆಳಿಗ್ಗೆ ಪಾಲಿಯೆಸ್ಟರ್ ಟೀ ಶರ್ಟ್, ಊಟದ ನಂತರ ಸಡಿಲ ಕಾಟನ್. ಪ್ಯಾಂಟ್ ಮಾತ್ರ ಪೂರ್ತಿ ಕಾಟನ್ ಬೇಡ, 2ರಿಂದ 5 ಶೇಕಡಾ ಎಲಾಸ್ಟೇನ್ ಬೆರೆತಿರಲಿ. ಇಲ್ಲದಿದ್ರೆ ಕಾಲು ಮೇಲೆತ್ತುವಾಗ ಬೆವರಿಗೆ ಮೊಣಕಾಲಿಗೆ ಅಂಟಿ ಹಿಂದಕ್ಕೆ ಎಳೆಯುತ್ತೆ.

ಬಿಸಿಲಿನ ವಿಷಯದಲ್ಲಿ ಕಾಟನ್‌ಗೆ ನಿಜವಾದ ದೋಷ ಇದೆ. ಬಟ್ಟೆಯ ಯುಪಿಎಫ್ 50 ಅಂದ್ರೆ ನೇರಳಾತೀತ ಕಿರಣದ ಐವತ್ತರಲ್ಲಿ ಒಂದು ಪಾಲು, ಅಂದ್ರೆ 2 ಶೇಕಡಾ ಮಾತ್ರ ಒಳಗೆ ಬರುತ್ತೆ. ತೆಳು ಬಿಳಿ ಕಾಟನ್ ಟೀ ಶರ್ಟ್‌ದು ಸುಮಾರು 5ರಿಂದ 7, ಒದ್ದೆಯಾದ್ರೆ ಇನ್ನೂ ಕಡಿಮೆ. ಬಟ್ಟೆಯನ್ನ ಬೆಳಕಿಗೆ ಹಿಡಿದು ಹಿಂದಿರೋ ಬೆರಳು ಸ್ಪಷ್ಟ ಕಂಡ್ರೆ ಬಿಸಿಲಿಗೆ ಅದು ಆಗಲ್ಲ. ಒತ್ತು ನೇಯ್ಗೆಯ ಉದ್ದ ತೋಳಿನ ಹಳೇ ಆಫೀಸ್ ಶರ್ಟ್ ಒಂದಿದ್ರೆ ಟೀ ಶರ್ಟ್ ಮೇಲೆ ಗುಂಡಿ ಬಿಚ್ಚಿ ಹಾಕ್ಕೊಂಡು ದಾರಿ ನಡೀರಿ. ಬಿಲೇಗೆ ನಿಲ್ಲುವಾಗ ಗುಂಡಿ ಹಾಕಿ ಅಂಚು ಒಳಗೆ ಸಿಕ್ಕಿಸಿ. ದುಡ್ಡು ಖರ್ಚಿಲ್ಲ.

ಇದೇ ಬಟ್ಟೆ ಇನ್ನೊಂದು ಕಡೆಗೆ ಆಗಲ್ಲ ಅನ್ನೋದೂ ಗೊತ್ತಿರಲಿ. ಸಾವನದುರ್ಗದಲ್ಲಿ ಇಳಿಜಾರು ಗ್ರಾನೈಟ್, ನೆರಳೇ ಇಲ್ಲ, ಬಿದ್ರೆ ಗಾಳಿಯಲ್ಲಿ ಬೀಳಲ್ಲ, ಕಲ್ಲಿನ ಮೇಲೆ ಉಜ್ಜಿಕೊಂಡು ಜಾರ್ತೀರಿ. ಅಲ್ಲಿ ದಪ್ಪ ಪ್ಯಾಂಟ್, ಉದ್ದ ತೋಳು ಎರಡೂ ಕಡ್ಡಾಯ. ಹಂಪಿಯಲ್ಲಿ ಬೌಲ್ಡರಿಂಗ್, ಅಂದ್ರೆ ಹಗ್ಗ ಇಲ್ಲದೆ ಗಿಡ್ಡ ಬಂಡೆ ಹತ್ತೋದು, ಹಾರ್ನೆಸ್ಸೇ ಇಲ್ಲ. ಹಾಗಾಗಿ ಸೊಂಟದ ತಲೆನೋವಿಲ್ಲ, ಆದರೆ ಗ್ರಾನೈಟ್ ಹರಳು ಬೆರಳು ಕೀಳುತ್ತೆ, ಬಂಡೆಯ ಮೇಲಂಚಿಗೆ ಹೊಟ್ಟೆ ಉಜ್ಜಿ ಹತ್ತುವಾಗ ತೆಳು ಅಂಗಿ ಹರಿಯುತ್ತೆ.

ಕಾಲಿಗೆ: ನಡೆಯೋಕೆ ಮುಂಗಾಲು ಮುಚ್ಚಿದ, ಹಿಡಿತ ಇರೋ ಶೂ. ಬಿಲೇ ಮಾಡುವಾಗಲೂ ಅದೇ. ಚಪ್ಪಲಿ ಹಾಕ್ಕೊಂಡು ಬಿಲೇ ಮಾಡೋರನ್ನ ನೋಡಿ ಕಲೀಬೇಡಿ. ಲೀಡ್‌ನಲ್ಲಿ ಮೇಲಿನವರು ಬಿದ್ರೆ ಕೆಳಗಿನವರು ಗೋಡೆ ಕಡೆಗೆ ಎಳೆದುಕೊಂಡು ಹೋಗ್ತಾರೆ, ಆಗ ಮೊದಲು ಕಲ್ಲಿಗೆ ಬಡಿಯೋದು ಕಾಲು. ಕ್ಲೈಂಬಿಂಗ್ ಶೂ ಒಳಗೆ ಸಾಕ್ಸ್ ಬೇಡ, ಉಗುರು ಹಿಂದಿನ ದಿನ ಕತ್ತರಿಸಿ. ಮಧ್ಯಾಹ್ನ ಕಾಲು ಊದಿರುತ್ತೆ, ಆದ್ದರಿಂದ ಬೆಳಿಗ್ಗೆ ಸರಿಯಾಗಿದ್ದ ಬಾಡಿಗೆ ಶೂ ಎರಡು ಗಂಟೆಗೆ ಹಿಂಸೆ. ಒಂದು ರೂಟ್ ಮುಗಿದ ಕೂಡಲೇ ಬಿಚ್ಚಿ, ನೆರಳಲ್ಲಿಡಿ. ಬಿಸಿಲಲ್ಲೋ ಕಾರಿನೊಳಗೋ ಬಿಟ್ಟರೆ ತಳದ ಅಂಟು ಬಿಡುತ್ತೆ.

ಒಳಗೋಡೆ_ಹುಡುಗ

ಇಷ್ಟು ವಿವರ ಬರುತ್ತೆ ಅಂದುಕೊಂಡಿರಲಿಲ್ಲ, ಧನ್ಯವಾದ. ಅಕ್ಕ ಕಾಲುಂಗುರದ ಭಾಗ ಓದಿ ಸುಮ್ಮನಾದಳು. ಇನ್ನೆರಡು ಪ್ರಶ್ನೆ: ಅಂಗಡಿಯಲ್ಲಿ ಪ್ಯಾಂಟ್ ಸರಿ ಇದೆಯಾ ಅಂತ ಹೇಗೆ ಪರೀಕ್ಷೆ ಮಾಡೋದು? ಫೋನ್ ಎಲ್ಲಿಡೋದು?

ಚಾಕ್‌ಪುಡಿ

ಟ್ರಯಲ್ ರೂಮಿನಲ್ಲಿ ಮೂರು ಕೆಲಸ ಮಾಡಿ. ಒಂದೊಂದೇ ಮೊಣಕಾಲನ್ನ ಕೈ ಸಹಾಯ ಇಲ್ಲದೆ ಹೊಕ್ಕಳಿನ ಮಟ್ಟಕ್ಕೆ ಎತ್ತಿ, ಬಟ್ಟೆ ಎಳೆದ ಹಾಗೆ ಅನ್ನಿಸಬಾರದು. ಎರಡೂ ಮೊಣಕಾಲು ಹೊರಗೆ ತಿರುಗಿಸಿ ಕಪ್ಪೆ ಥರ ಕುಕ್ಕರಗಾಲಲ್ಲಿ ಕೂರಿ. ತೊಡೆಸಂದಿಯ ಹೊಲಿಗೆ ಬಿಗಿದ್ರೆ ಆ ಪ್ಯಾಂಟ್ ಬಿಡಿ. ಆ ಸಂದಿಯಲ್ಲಿ ನಾಲ್ಕು ಹೊಲಿಗೆ ಒಂದೇ ಕಡೆ ಸೇರೋ ಬದಲು ವಜ್ರಾಕಾರದ ಒಂದು ತುಂಡು ಬಟ್ಟೆ ಕೂಡಿಸಿರೋದನ್ನ ಹುಡುಕಿ. ನಮ್ಮ ದರ್ಜಿಗಳು ಪೈಜಾಮದ ಸಂದಿಗೆ ಹಾಕೋ ತುಂಡಿನ ಹಾಗೇ. ಹರಿಯೋದು ಯಾವಾಗಲೂ ಅಲ್ಲೇ, ಹಾಗಾಗಿ ಆ ತುಂಡು ಇದ್ರೆ ಮಾಮೂಲಿ ಟ್ರ್ಯಾಕ್ ಪ್ಯಾಂಟೂ ಸಾಕು, ಕ್ಲೈಂಬಿಂಗ್ ಅಂತ ಬರೆದಿರಬೇಕಿಲ್ಲ. ಮೂರನೇದು, ನೇರ ನಿಂತು ಕೆಳಗೆ ನೋಡಿ. ಶೂ ತುದಿ ಕಾಣಬೇಕು. ಅಗಲ ಪಾದದ ಪ್ಯಾಂಟ್ ಸಣ್ಣ ಮೆಟ್ಟಿಲನ್ನೇ ಮುಚ್ಚಿಬಿಡುತ್ತೆ, ಹಿಮ್ಮಡಿ ಕೆಳಗೆ ಸಿಕ್ಕಿ ಜಾರಿಸುತ್ತೆ. ಕೆಳಗೆ ಇಲಾಸ್ಟಿಕ್ ಇರೋದೇ ಒಳ್ಳೇದು. ಮಡಚಿದ ಅಂಚು ಹತ್ತುತ್ತಾ ಹತ್ತುತ್ತಾ ಬಿಚ್ಚಿಕೊಳ್ಳುತ್ತೆ.

ಸಾಧ್ಯವಾದ್ರೆ ಹೊರಡೋ ಮುಂಚೆ ಅದೇ ಬಟ್ಟೆ ಹಾಕ್ಕೊಂಡು ನಿಮ್ಮ ಕೃತಕ ಗೋಡೆಯಲ್ಲಿ ಒಮ್ಮೆ ಹಾರ್ನೆಸ್‌ನಲ್ಲಿ ಐದು ನಿಮಿಷ ಜೋತುಬೀಳಿ. ಎಲ್ಲಿ ಒತ್ತುತ್ತೆ ಅಂತ ಅಲ್ಲೇ ಗೊತ್ತಾಗುತ್ತೆ.

ಫೋನ್: ಪಕ್ಕದ ಜೇಬಿನ ಬಾಯಿಯನ್ನ ಸೊಂಟದ ಪಟ್ಟಿ ಮುಚ್ಚುತ್ತೆ, ಹಿಂದಿನ ಜೇಬಿನಲ್ಲಿಟ್ಟರೆ ಜೋತುಬಿದ್ದಾಗ ಗಾಜು ಹೋಗುತ್ತೆ. ತೊಡೆಯ ಮೇಲೆ ಜಿಪ್ ಜೇಬು ಇದ್ರೂ ಹತ್ತುವಾಗ ಅದು ಖಾಲಿ ಇರಲಿ. ಮೇಲಿಂದ ಬಿದ್ದ ಫೋನು ಕೆಳಗಿರೋರಿಗೆ ಕಲ್ಲೇ. ಚೀಲದಲ್ಲಿಟ್ಟು ಜಿಪ್ ಹಾಕಿ.

ಬನಶಂಕರಿ_ರೋಡ್

ಜಿಪ್ಪಿಗೆ ಒಂದು ಸಣ್ಣ ಕ್ಯಾರಾಬೀನರ್ ಹಾಕ್ರಿ. ಬರೇ ಜಿಪ್ ತೆಗಿಯಾಕ ನಮ್ಮೂರ ಮಂಗ್ಯಾಗೋಳಿಗೆ ಬರ್ತೈತಿ.